ನಿಮ್ಮ ಬಿಲ್ಡಿಂಗ್‌ನಲ್ಲಿ ನನಗೆ ಮನೆ ಕೊಡ್ತೀರಾ?

ಮುಂಬೈಯಲ್ಲಿ ನಮ್ಮ ಕನ್ನಡದ ಜನ ನಾಲ್ಕು ಮಂದಿ ಸೇರಿದರೆ ಈಗ ಒಂದೇ ಮಾತು: ಹುಡುಗರು ಬರ್ತಾ ಇಲ್ಲ. ಸಂಘದ ವಾರ್ಷಿಕೋತ್ಸವಕ್ಕೆ ಬರುವುದಿಲ್ಲ, ತಾಳಮದ್ದಳೆಗೆ ಬರುವುದಿಲ್ಲ, ಪಕ್ಷದ ವಾರ್ಡ್ ಸಭೆಗಂತೂ ಕರೆದರೂ ಬರುವುದಿಲ್ಲ. ಇದಕ್ಕೆ ಪರಿಹಾರವೂ ಎಲ್ಲರ ಹತ್ತಿರ ಸಿದ್ಧವಿರುತ್ತದೆ. ರೀಲ್ಸ್ ಮಾಡಬೇಕು. ಕ್ರಿಕೆಟ್ ಟೂರ್ನಮೆಂಟ್ ಇಡಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಾದವರನ್ನು ವೇದಿಕೆಗೆ ಕರೆಸಬೇಕು. ನಾನು ರಾಜಕೀಯದಲ್ಲಿ ಬಲಕ್ಕೆ ವಾಲಿದವನು. ಕುಟುಂಬ, ದೇವಸ್ಥಾನ, ಊರಿನ ನಂಟು, ದುಡಿದು ಉಳಿಸುವುದು, ಹಿರಿಯರು ಕಟ್ಟಿದ ಸಂಸ್ಥೆಗಳನ್ನು ಕಾಪಾಡುವುದು, ಇದೆಲ್ಲ ನನಗೆ ಮುಖ್ಯ. ಅದಕ್ಕೇ ಈ ಮಾತು ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ವೋಟಿನ ವಿಷಯ ನಾನು ಹೇಳುತ್ತಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕುವ ವಯಸ್ಸಿನವರು ಸುಮಾರು 1.8 ಕೋಟಿ ಇದ್ದರು. ಅವರಲ್ಲಿ ಬಲಪಂಥದ ಪಕ್ಷಗಳಿಗೆ ವೋಟು ಹಾಕಿದವರು ಕಡಿಮೆಯೇನಿಲ್ಲ. ಆದರೆ ವೋಟು ಹಾಕಿ ಹೋಗುವುದು ಬೇರೆ, ಪಕ್ಕದಲ್ಲಿ ಬಂದು ಕೂರುವುದು ಬೇರೆ. ನನಗೆ ಚಿಂತೆ ಇರುವುದು ಎರಡನೆಯದರ ಬಗ್ಗೆ.

ಹೋದ ಚಳಿಗಾಲದಲ್ಲಿ ಒಂದು ಭಾನುವಾರ ಪೂರ್ವದ ಉಪನಗರದ ಸಭಾಂಗಣವೊಂದರಲ್ಲಿ ಇದೇ ವಿಷಯಕ್ಕೆ ಸಭೆ ಕರೆದಿದ್ದರು. "ಯುವಜನತೆ ಮತ್ತು ನಮ್ಮ ಸಂಸ್ಕೃತಿ" ಎಂದು ಬ್ಯಾನರ್. ವೇದಿಕೆಯ ಮೇಲೆ ಏಳು ಕುರ್ಚಿ, ಏಳರಲ್ಲೂ ಅರುವತ್ತು ದಾಟಿದವರು. ಒಬ್ಬೊಬ್ಬರೂ ಚೆನ್ನಾಗಿಯೇ ಮಾತಾಡಿದರು. ಸಂಯುಕ್ತ ಕುಟುಂಬ ಹೋಯಿತು, ಮಕ್ಕಳು ಮನೆಯಲ್ಲಿ ಕನ್ನಡ, ತುಳು ಬಿಟ್ಟರು, ಮದುವೆ ತಡವಾಗುತ್ತಿದೆ, ಇತ್ಯಾದಿ. ಕೊನೆಗೆ ಸಭಿಕರಿಗೆ ಐದು ನಿಮಿಷ ಕೊಟ್ಟರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಕುಂದಾಪುರದ ಕಡೆಯವಳು ಎಂದು ಮಾತು ಶುರುವಾದ ಕೂಡಲೇ ಗೊತ್ತಾಯಿತು. ಐರೋಲಿಯಲ್ಲಿ ಕಂಪನಿಯೊಂದರಲ್ಲಿ ಕೆಲಸವಂತೆ. ಮೈಕು ಕೈಗೆ ಬಂದಾಗ ಅದನ್ನು ಸ್ವಲ್ಪ ದೂರವೇ ಹಿಡಿದುಕೊಂಡಿದ್ದಳು. ಒಂದು ಕೈಯಲ್ಲಿ ಫೋನು, ಅದರಲ್ಲಿ ಏನೋ ಬರೆದುಕೊಂಡಿದ್ದಳು, ಆದರೆ ನೋಡಲಿಲ್ಲ. "ನಾನು ಮತ್ತು ನನ್ನ ಫ್ರೆಂಡ್ ಮುಲುಂಡ್‌ನಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ದೇವೆ. ಬಾಡಿಗೆ ಕೊಡುವ ಶಕ್ತಿ ಇದೆ. ಓನರ್ ಒಪ್ತಾರೆ, ಬಿಲ್ಡಿಂಗಿನ ಹೌಸಿಂಗ್ ಸೊಸೈಟಿ ಒಪ್ಪುವುದಿಲ್ಲ. ಫ್ಯಾಮಿಲಿಗೆ ಮಾತ್ರ ಅಂತಾರೆ. ಹೋದ ವಾರ ಬೇಡ ಅಂದವರು ನಮ್ಮ ಊರಿನವರೇ. ಸಂಸ್ಕೃತಿ ಉಳಿಸಿ ಅಂತೀರಿ, ಸರಿ. ನಿಮ್ಮ ಬಿಲ್ಡಿಂಗ್‌ನಲ್ಲಿ ನನಗೆ ಮನೆ ಕೊಡ್ತೀರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ಸಿಗಬಹುದು ಎಂದುಕೊಂಡು ಕೇಳಿದ ಹಾಗಿತ್ತು. ಅಧ್ಯಕ್ಷರು ಒಳ್ಳೆಯ ಪ್ರಶ್ನೆ ಎಂದರು. ಇದು ಸೊಸೈಟಿಗಳ ಆಂತರಿಕ ವಿಷಯ, ಇಲ್ಲಿ ಬೇಡ ಎಂದರು. ವಂದನಾರ್ಪಣೆ ಆಯಿತು. ಊಟಕ್ಕೆ ಎದ್ದೆವು. ಅವಳು ಊಟಕ್ಕೆ ನಿಲ್ಲಲಿಲ್ಲ.

ಅದು ಆಂತರಿಕ ವಿಷಯ ಅಲ್ಲ ಎಂದು ನನಗೆ ಅಲ್ಲಿಯೇ ಅನ್ನಿಸಿತು. ಈ ಊರಿಗೆ ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿಗೆ ಬರುವವರಿಗೆ ಸಂಪ್ರದಾಯ ಎನ್ನುವುದು ಮೊದಲು ಎದುರಾಗುವುದು ಎಲ್ಲಿ? ಪಕ್ಷದ ಪ್ರಣಾಳಿಕೆಯಲ್ಲಂತೂ ಅಲ್ಲ. ಸೊಸೈಟಿ ಆಫೀಸಿನಲ್ಲಿ, ಗೋಡೆಯ ಮೇಲೆ ಗಣಪತಿಯ ಕ್ಯಾಲೆಂಡರ್ ಇರುವ ಆ ಸಣ್ಣ ಕೋಣೆಯಲ್ಲಿ. ಮೇಜಿನ ಆಚೆ ಕೂತ ಹಿರಿಯರು ಮದುವೆ ಆಗಿದೆಯಾ ಅಂತ ಕೇಳುತ್ತಾರೆ. ಮಾಂಸ ತಿನ್ನುತ್ತೀರಾ, ರಾತ್ರಿ ಎಷ್ಟು ಗಂಟೆಗೆ ಬರುತ್ತೀರಿ, ಗಂಡಸರು ಬಂದು ಹೋಗುತ್ತಾರಾ ಅಂತ ಕೇಳುತ್ತಾರೆ. ಆಮೇಲೆ ಇಲ್ಲ ಅನ್ನುತ್ತಾರೆ. ಅದಾದ ಮೇಲೆ ನಾವು ಎಷ್ಟು ರೀಲ್ಸ್ ಮಾಡಿದರೂ ಆ ಹುಡುಗಿಗೆ ನಮ್ಮ ಮುಖ ಗೊತ್ತಿರುವುದು ಆ ಮೇಜಿನಿಂದಲೇ ಅಲ್ವಾ?

ಬಾಗಿಲು ತೆರೆದಿದ್ದ ಕಾಲ

ನಮ್ಮ ಹಿರಿಯರು ಹೀಗಿರಲಿಲ್ಲ. ಇದನ್ನು ನಾನು ಹಳೆಯದೆಲ್ಲ ಚಂದ ಎನ್ನುವ ಅರ್ಥದಲ್ಲಿ ಹೇಳುತ್ತಿಲ್ಲ. ಕರಾವಳಿಯಿಂದ ಹತ್ತು ಹನ್ನೆರಡು ವರ್ಷಕ್ಕೆ ಹಡಗು ಹತ್ತಿ ಬಂದ ಹುಡುಗರನ್ನು ಹೋಟೆಲುಗಳು ದುಡಿಸಿಕೊಂಡ ರೀತಿಯಲ್ಲಿ ಕ್ರೌರ್ಯವೂ ಇತ್ತು. ಆದರೆ ಅವರಿಗೆ ಮಲಗಲು ಜಾಗ ಇತ್ತು. ಸಂಜೆಗೆ ಶಾಲೆ ಇತ್ತು. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ. ಇಂಥ ಸಂಸ್ಥೆಗಳು, ಅವುಗಳ ಜೊತೆ ಇನ್ನೂ ಎಷ್ಟೋ, ಕೋಟೆ ಭಾಗದಲ್ಲಿ, ಬೇರೆ ಕಡೆಗಳಲ್ಲಿ ಕನ್ನಡದ ರಾತ್ರಿಶಾಲೆ ನಡೆಸಿದವು. ಸರ್ಕಾರ ಹೇಳಿತು ಅಂತ ಮಾಡಿದ್ದಲ್ಲ. ಜಾತಿಯ ಹೆಸರಿನಲ್ಲಿ, ದೇವರ ಹೆಸರಿನಲ್ಲಿ ಸೇರಿದ ಜನ, ಇವತ್ತಿನ ಭಾಷೆಯಲ್ಲಿ ಪಕ್ಕಾ ಸಂಪ್ರದಾಯಸ್ಥರು.

ನನ್ನ ಸೋದರಮಾವ ಅಂಥ ಒಂದು ಶಾಲೆಯಲ್ಲಿ ಓದಿದವರು. ಹಗಲಿಡೀ ಕಪ್ಪು ಬಸಿ ತೊಳೆಯುವ ಕೆಲಸ. ಸೋಡಾ ಹಾಕಿದ ನೀರಿಗೆ ಬೆರಳುಗಳ ನಡುವೆ ಚರ್ಮ ಸುಲಿದು ಹೋಗುತ್ತಿತ್ತಂತೆ. ಪೆನ್ನು ಹಿಡಿದರೆ ಉರಿ. ಅವರ ಮಾಸ್ತರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರು. ಆಫೀಸಿನಿಂದ ನೇರ ಶಾಲೆಗೆ ಬರುತ್ತಿದ್ದರು, ಕೊನೆಯ ಲೋಕಲ್‌ಗೆ ಮನೆಗೆ ಹೋಗುತ್ತಿದ್ದರು. ಒಂದು ರಾತ್ರಿ ಮಾವ ಬರೆಯದೆ ಸುಮ್ನೆ ಕೂತಿದ್ದನ್ನು ನೋಡಿ ಹತ್ತಿರ ಬಂದು ಕೈ ಬಿಡಿಸಿ ನೋಡಿದರಂತೆ. ಏನೂ ಮಾತಾಡಲಿಲ್ಲ. ಮರುದಿನ ಒಂದು ಡಬ್ಬಿಯಲ್ಲಿ ತೆಂಗಿನೆಣ್ಣೆ ತಂದು ಕೊಟ್ಟರು. ಆ ವಾರ ಪಾಠವನ್ನು ಬಾಯಲ್ಲೇ ಒಪ್ಪಿಸಿಕೊಂಡರು. ಪರೀಕ್ಷೆ ಶುಲ್ಕ ಕಟ್ಟಿದವರೂ ಅವರೇ. ಮಾವ ಮೆಟ್ರಿಕ್ ಮುಗಿಸಿದರು, ಆಮೇಲೆ ಸ್ವಂತ ಅಂಗಡಿ ಹಾಕಿದರು. ಸಾಯುವವರೆಗೂ ದೇವರು, ಧರ್ಮ, ದೊಡ್ಡವರು ಎಂದರೆ ಅವರಿಗೆ ಎಲ್ಲಿಲ್ಲದ ನಂಬಿಕೆ. ಆ ನಂಬಿಕೆ ಭಾಷಣ ಕೇಳಿ ಬಂದದ್ದಲ್ಲ. ಆ ಎಣ್ಣೆ ಡಬ್ಬಿಯಿಂದ ಬಂದದ್ದು ಎಂದು ಅವರೇ ಹೇಳುತ್ತಿದ್ದರು.

ಇನ್ನೊಬ್ಬರನ್ನು ಇಲ್ಲಿ ನೆನೆಯಲೇಬೇಕು. ಪಿ.ಬಿ. ಆಚಾರ್ಯರು. ಉಡುಪಿಯಲ್ಲಿ ಹುಟ್ಟಿ ಮುಂಬೈಯಲ್ಲಿ ನೆಲೆಸಿದವರು, ಅಖಿಲ ಭಾರತೀಯ ವಿದ್ಯಾರ್ಥಿ ಪರಿಷತ್ತಿನಲ್ಲಿ ಬೆಳೆದವರು. 2014ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದಾಗ ಇಲ್ಲಿನ ಕನ್ನಡದ ಪತ್ರಿಕೆಗಳು ಸಂಭ್ರಮಪಟ್ಟವು, 2023ರಲ್ಲಿ ತೀರಿಕೊಂಡಾಗಲೂ ಬರೆದವು. ಆದರೆ ಅವರ ದೊಡ್ಡ ಕೆಲಸ ರಾಜ್ಯಪಾಲರಾಗುವ ಎಷ್ಟೋ ಮೊದಲೇ ಆಗಿಹೋಗಿತ್ತು. 1966ರ ಸುಮಾರಿಗೆ ಅವರು ಮತ್ತು ಅವರ ಗೆಳೆಯರು ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳನ್ನು ಬೇರೆ ರಾಜ್ಯಗಳಿಗೆ ಕರೆತಂದು ಮನೆಗಳಲ್ಲಿ ಇರಿಸುವ ಯೋಜನೆ ಶುರು ಮಾಡಿದರು. ಹೋಟೆಲ್ ಅಲ್ಲ, ಹಾಸ್ಟೆಲ್ ಅಲ್ಲ, ಮನೆ. ಆಗಿನ ಮುಂಬೈಯ ಮಧ್ಯಮ ವರ್ಗದ ಮನೆ ಅಂದರೆ ಎರಡು ಕೋಣೆ, ಐದಾರು ಜನ. ಆ ಮನೆಗಳ ಅಡುಗೆಯೇ ಬೇರೆ, ಬಂದ ಮಕ್ಕಳ ಊಟವೇ ಬೇರೆ. ಮುಖ, ಭಾಷೆ, ಎಷ್ಟೋ ಮಕ್ಕಳ ಧರ್ಮ ಕೂಡ ಬೇರೆ. ಆದರೂ ಇಟ್ಟುಕೊಂಡರು. ಆ ಮನೆಯವರಲ್ಲಿ ಹೆಚ್ಚಿನವರು ಕಟ್ಟಾ ಬಲಪಂಥೀಯರೇ. ದೇಶ ಒಂದು ಎಂದು ನಂಬಿದ್ದರು, ಹಾಗಾಗಿ ಹಾಸಿಗೆ ಹಾಸಿಕೊಟ್ಟರು. ಇವತ್ತು ಅದೇ ಈಶಾನ್ಯದ ಹುಡುಗಿ ಕಲೀನಾದಲ್ಲೋ ಸಾಂತಾಕ್ರೂಜ್‌ನಲ್ಲೋ ಮನೆ ಕೇಳಲು ಬಂದರೆ ನಮ್ಮ ಸೊಸೈಟಿ ಏನು ಹೇಳುತ್ತದೆ ಎನ್ನುವುದು ಇದನ್ನು ಓದುವ ಎಲ್ಲರಿಗೂ ಗೊತ್ತು.

ಪಾಟೀಲರು ಸೋತಾಗ

ಬಾಗಿಲು ಮುಚ್ಚಿದರೆ ಹುಡುಗರು ಬೀದಿಯಲ್ಲಿ ನಿಲ್ಲುವುದಿಲ್ಲ, ಬೇರೆಯವರು ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಮುಂಬೈಯ ಚರಿತ್ರೆಯಲ್ಲಿ ದೊಡ್ಡ ಉದಾಹರಣೆ 1967. ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರು ಎಂದರೆ ಆಗ ಅಲುಗಾಡಿಸಲಾಗದವರು. ಮೂರು ಬಾರಿ ಮೇಯರ್, ಕೇಂದ್ರದಲ್ಲಿ ಮಂತ್ರಿ, ಕಾಂಗ್ರೆಸ್ಸಿನ ಬಲಪಂಥದ ದೊಡ್ಡ ಹೆಸರು. ಅವರನ್ನು ಸೋಲಿಸಿದ್ದು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಆಗ ಅವರಿಗೆ ಇನ್ನೂ ಮೂವತ್ತಾರು. ಕೆಲಸ ಹುಡುಕಿಕೊಂಡು ಈ ಊರಿಗೆ ಬಂದ ಮೊದಲ ದಿನಗಳಲ್ಲಿ ಚೌಪಾಟಿಯಲ್ಲಿ ಮಲಗಿದ್ದವರು. ಟ್ಯಾಕ್ಸಿಯವರು, ನಗರಪಾಲಿಕೆಯ ಕೆಲಸದವರು, ಇವರ ನಡುವೆ ಯೂನಿಯನ್ ಕಟ್ಟಿದವರು. ಅವರ ಸಮಾಜವಾದ ನನಗೆ ಅಂದೂ ಒಪ್ಪಿಗೆಯಿಲ್ಲ, ಇಂದೂ ಇಲ್ಲ. ಬಂದ್‌ಗಳಿಂದ ಈ ಊರು ಕಳೆದುಕೊಂಡದ್ದು ಬಹಳ. ಆದರೆ ಒಂದನ್ನು ಒಪ್ಪಲೇಬೇಕು. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿ ಫುಟ್‌ಪಾತ್ ಮೇಲೆ ಕೂತ ಹುಡುಗನ ಪಕ್ಕ ಅವರು ಬಂದು ಕೂರುತ್ತಿದ್ದರು. ದೊಡ್ಡ ದೊಡ್ಡ ಬಂಗಲೆಯ ದೊಡ್ಡವರು ಕೂರುತ್ತಿರಲಿಲ್ಲ. ಹುಡುಗರಿಗೆ ಮಾರ್ಕ್ಸ್ ಯಾರೋ ಲೋಹಿಯಾ ಯಾರೋ. ತಮ್ಮ ಊರಿನ ಭಾಷೆಯಲ್ಲಿ ಊಟ ಆಯ್ತಾ ಎಂದು ಕೇಳಿದವನು ಯಾರು ಎನ್ನುವುದು ಗೊತ್ತಿತ್ತು.

(ಇಲ್ಲೇ ಇನ್ನೊಂದು ಮಾತು. ಹುಡುಗರಿಗೆ ಎಲ್ಲವನ್ನೂ ತೆಳ್ಳಗೆ ಮಾಡಿ ಬಡಿಸಬೇಕು ಅನ್ನುವವರಿಗೆ ನಾನಿ ಪಾಲ್ಖಿವಾಲಾ ಅವರನ್ನು ನೆನಪಿಸಬೇಕು. ಮುಕ್ತ ಮಾರುಕಟ್ಟೆಯ ಪರ, ತೆರಿಗೆಯ ಭಾರದ ವಿರುದ್ಧ ಮಾತಾಡುತ್ತಿದ್ದ ವಕೀಲರು. ಬಜೆಟ್ ಬಗ್ಗೆ ಅವರ ವಾರ್ಷಿಕ ಭಾಷಣ 1958ರಲ್ಲಿ ಒಂದು ಹೋಟೆಲಿನ ಸಣ್ಣ ಹಾಲ್‌ನಲ್ಲಿ ಶುರುವಾಗಿ ಕೊನೆಗೆ ಬ್ರೇಬೋರ್ನ್ ಸ್ಟೇಡಿಯಂ ತುಂಬಿತು. ತೆರಿಗೆ, ಅಂಕಿ ಅಂಶ ಕೇಳಲು ಸ್ಟೇಡಿಯಂ! ಕೇಳುಗರನ್ನು ಅವರು ಬುದ್ಧಿವಂತರು ಎಂದೇ ತಿಳಿದು ಮಾತಾಡಿದರು. ಇವತ್ತಿನ ಹುಡುಗರು ಲೋಕಲ್‌ನಲ್ಲಿ ನೇತಾಡಿಕೊಂಡು ಮೂರು ಗಂಟೆಯ ಪಾಡ್‌ಕಾಸ್ಟ್ ಕೇಳುತ್ತಾರೆ. ಗಟ್ಟಿ ಮಾತು ಇದ್ದರೆ ಅವರಿಗೆ ತಾಳ್ಮೆ ಇದೆ.)

ಮೂರು ಮಕ್ಕಳು, ಒಂದು ಕೋಣೆ

2024ರ ಡಿಸೆಂಬರಿನಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತರು ನಾಗಪುರದಲ್ಲಿ ಒಂದು ಮಾತು ಹೇಳಿದರು. ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ದರ 2.1ಕ್ಕಿಂತ ಕೆಳಗೆ ಹೋದರೆ ಸಮಾಜ ಉಳಿಯುವುದಿಲ್ಲ, ಹಾಗಾಗಿ ಎರಡಕ್ಕಿಂತ ಹೆಚ್ಚು, ಮೂರು ಮಕ್ಕಳು ಬೇಕು ಎಂದು. ಚಿಂತೆ ನಿಜವಾದದ್ದೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ದೇಶದ ದರ 2.0, ಮಹಾರಾಷ್ಟ್ರದ್ದೂ ಕರ್ನಾಟಕದ್ದೂ 1.7. ಮುಂಬೈಯ ಕನ್ನಡದ ಮನೆಗಳನ್ನು ಲೆಕ್ಕ ಹಿಡಿಯಲು ಸಮೀಕ್ಷೆಯೇ ಬೇಡ, ಒಂದೇ ಮಗು ಇರುವ ಮನೆಗಳೇ ಸುತ್ತಮುತ್ತ. ಮಕ್ಕಳ ಗಲಾಟೆ ಇಲ್ಲದ ಕಟ್ಟಡ ನನಗೂ ಹೆದರಿಕೆ ಹುಟ್ಟಿಸುತ್ತದೆ.

ಆದರೆ ಆ ಹುಡುಗಿಯ ಜಾಗದಲ್ಲಿ ನಿಂತು ಇದನ್ನೇ ಕೇಳಿ ನೋಡಿ. ಮದುವೆ ಆಗುವ ತನಕ ಬಾಡಿಗೆ ಮನೆ ಇಲ್ಲ. ಮದುವೆ ಆದರೆ ಹನ್ನೊಂದು ತಿಂಗಳ ಕರಾರು, ಅದು ಮುಗಿದ ಕೂಡಲೇ ಬಾಡಿಗೆ ಏರುತ್ತದೆ, ಇಲ್ಲವೇ ಮನೆ ಬಿಡಬೇಕು. ಮಗು ಒಂದು ಶಾಲೆಗೆ ಹೊಂದಿಕೊಳ್ಳುವುದರೊಳಗೆ ಪೇಟೆ ಬದಲು. ಥಾಣೆಯ ಆಚೆ, ಬದ್ಲಾಪುರದ ಕಡೆ ಹೋದರೆ ಮನೆ ಸಿಗುತ್ತದೆ, ಆದರೆ ತಾಯಿ ಲೋಕಲ್‌ನಲ್ಲೇ ಬಾಳಬೇಕು. ಮಗುವನ್ನು ನೋಡಿಕೊಳ್ಳುವ ಅಜ್ಜಿ ಊರಿನಲ್ಲಿದ್ದಾಳೆ, ಅವಳನ್ನು ಕರೆಸಿದರೆ ಮಲಗಿಸಲು ಕೋಣೆ ಇಲ್ಲ. ಸಂಯುಕ್ತ ಕುಟುಂಬ ಹೋಯಿತು ಎಂದು ಮರುಗುವವರು ಚದರಡಿಯ ಬಗ್ಗೆ ಯಾಕೆ ಮಾತಾಡುವುದಿಲ್ಲ? 2017ರಲ್ಲಿ ಇದೇ ಕೇಂದ್ರ ಸರ್ಕಾರ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಎಂದಿತು. ನನ್ನ ಪ್ರಕಾರ ಕುಟುಂಬದ ಪರವಾಗಿ ಬಲಪಂಥ ಈ ದೇಶದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು. ನಮ್ಮ ಯಾವ ಸಭೆಯಲ್ಲಾದರೂ ಇದರ ಬಗ್ಗೆ ಮಾತು ಬಂದದ್ದು ಕೇಳಿದ್ದೀರಾ? ಆ ಶಿಶುಪಾಲನಾ ಕೇಂದ್ರ ಐರೋಲಿಯ, ಪವಾಯಿಯ ಕಂಪನಿಗಳಲ್ಲಿ ನಿಜವಾಗಿಯೂ ಇದೆಯಾ ಎಂದು ನಮ್ಮ ವಾರ್ಡ್ ಕಾರ್ಯಕರ್ತರು ಹೋಗಿ ನೋಡಿದ್ದಾರಾ? ನೋಡಿದ್ದರೆ, ಅಲ್ಲಿಯ ತಾಯಂದಿರ ಪರ ಒಂದು ಅರ್ಜಿ ಬರೆದುಕೊಟ್ಟಿದ್ದರೆ, ಬ್ಯಾನರ್ ಕಟ್ಟುವ ಕಷ್ಟವೇ ಇರುತ್ತಿರಲಿಲ್ಲ.

ಎರಡು ವರ್ಷದ ಅಂತರದಲ್ಲಿ ಇಬ್ಬರು ತಿಲಕರು

ಹುಡುಗರ ಖಾಸಗಿ ಬದುಕಿಗೆ ಕೈ ಹಾಕುವ ವಿಷಯದಲ್ಲಿ ನಾನು ನಮ್ಮವರ ಜೊತೆ ಜಾಸ್ತಿ ಜಗಳ ಆಡುತ್ತೇನೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಿಸಿಕೊಂಡು ಹೊಡೆದ ಆ ದೃಶ್ಯ ಟಿವಿಯಲ್ಲಿ ಬಂದಾಗ ಇಲ್ಲಿ ನಮ್ಮ ಎಷ್ಟೋ ಮನೆಗಳಲ್ಲಿ ತಂದೆ ಒಂದು ಮಾತು ಹೇಳಿದರು, ಮಗಳು ಇನ್ನೊಂದು ಮಾತು ಹೇಳಿದಳು. ಆ ಹೆಣ್ಣುಮಕ್ಕಳಿಗೆ ಈಗ ಮೂವತ್ತೈದು ದಾಟಿದೆ, ಅವರು ಅದನ್ನು ಮರೆತಿಲ್ಲ. ಈಗ ಉತ್ತರಾಖಂಡದ ಸಮಾನ ನಾಗರಿಕ ಸಂಹಿತೆ ಬಂದಿದೆ. 2025ರ ಜನವರಿಯಿಂದ ಅಲ್ಲಿ ಮದುವೆಯಾಗದೆ ಜೊತೆಗಿರುವವರು ನೋಂದಣಿ ಮಾಡಿಸಲೇಬೇಕು, ಮಾಡಿಸದಿದ್ದರೆ ಜೈಲಿನವರೆಗೂ ಶಿಕ್ಷೆ ಇದೆ. ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಒಂದೇ ಕಾನೂನು ಎನ್ನುವುದು ನನಗೆ ತುಂಬಾ ಒಪ್ಪಿಗೆಯ ವಿಷಯ. ಅದರೊಳಗೆ ಈ ನೋಂದಣಿಯನ್ನು ಸೇರಿಸಿದ್ದು ದುಃಖದ ಸಂಗತಿ. ಸರ್ಕಾರ ಚಿಕ್ಕದಾಗಿರಬೇಕು, ಮನೆಯೊಳಗೆ ಬರಬಾರದು ಎನ್ನುವುದು ಬಲಪಂಥದ ಹಳೆಯ ಮಾತು. ಅದನ್ನು ನಾವೇ ಬಿಟ್ಟುಕೊಟ್ಟ ಹಾಗಾಯಿತು.

ತಿಲಕರ ವಿಷಯ ಇಲ್ಲಿ ಕಣ್ಣು ತೆರೆಸುತ್ತದೆ. 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯ್ದೆ ಬಂತು. ತಿಲಕರು ಪುಣೆಯಲ್ಲಿ ನಿಂತು ಅದನ್ನು ವಿರೋಧಿಸಿದರು. ಪರಕೀಯ ಸರ್ಕಾರ ನಮ್ಮ ಮನೆಯ ಆಚಾರಕ್ಕೆ ಕೈ ಹಾಕಬಾರದು ಎನ್ನುವುದು ಅವರ ವಾದ. ಇವತ್ತು ಎಂಥ ಕಟ್ಟಾ ಸಂಪ್ರದಾಯವಾದಿಯೂ ಆ ವಾದವನ್ನು ಎತ್ತಿ ಹಿಡಿಯುವುದಿಲ್ಲ. ಹನ್ನೆರಡು ವರ್ಷ ಎಂದರೆ ಈಗ ನಮಗೇ ಮೈ ನಡುಗುತ್ತದೆ. ಅದಾಗಿ ಎರಡೇ ವರ್ಷಕ್ಕೆ, 1893ರಲ್ಲಿ, ಅದೇ ತಿಲಕರು ಗಣಪತಿಯನ್ನು ಸಾರ್ವಜನಿಕ ಹಬ್ಬ ಮಾಡಲು ಕರೆ ಕೊಟ್ಟರು. ಗಿರ್‌ಗಾಂವ್‌ನ ಕೇಶವಜಿ ನಾಯಕ್ ಚಾಳದಲ್ಲಿ ಆ ವರ್ಷ ಶುರುವಾದ ಗಣಪತಿ ಈಗಲೂ ಕೂರುತ್ತಾನೆ. ಎಲ್ಲ ಜಾತಿಯ ಹುಡುಗರು ಚಪ್ಪರ ಕಟ್ಟಿದರು, ಮೇಳದಲ್ಲಿ ಹಾಡಿದರು, ಚಂದಾ ಲೆಕ್ಕ ಬರೆದರು, ಜನಜಂಗುಳಿ ಸಂಭಾಳಿಸಿದರು. ಈಗ ದೇವರನ್ನೇ ನಂಬದ ಹುಡುಗ ಕೂಡ ವಿಸರ್ಜನೆಯ ದಿನ ಹಗ್ಗ ಹಿಡಿದು ನಿಲ್ಲುತ್ತಾನೆ. ಅವನನ್ನು ಯಾರೂ ಒತ್ತಾಯ ಮಾಡಿಲ್ಲ. ಅವನಿಗೆ ಅಲ್ಲಿ ಮಾಡಲು ಕೆಲಸ ಇದೆ, ನಿಲ್ಲಲು ಜಾಗ ಇದೆ.

ಉಡುಪಿಯ ಕಥೆಯೂ ಇದೇ ದಾರಿಯದು. 1968ರಲ್ಲಿ ಉಡುಪಿ ಪುರಸಭೆ ಜನಸಂಘದ ಕೈಗೆ ಬಂತು, ಡಾ. ವಿ.ಎಸ್. ಆಚಾರ್ಯರು ಅಧ್ಯಕ್ಷರಾದರು. ಅಷ್ಟಮಠಗಳ ಊರಿನಲ್ಲಿ ಆ ಆಡಳಿತ ಮಾಡಿದ ದೊಡ್ಡ ಕೆಲಸ ಮಲ ಹೊರುವ ಪದ್ಧತಿ ನಿಲ್ಲಿಸಿದ್ದು. ದೇಶದ ಕಾಯ್ದೆ ಬಂದದ್ದು 1993ರಲ್ಲಿ. ಅಷ್ಟು ಮೊದಲೇ ಒಂದು ಸಣ್ಣ ಪುರಸಭೆ, ಅದೂ ಸಂಪ್ರದಾಯದ ಪಕ್ಷದ್ದು, ಇದನ್ನು ಮಾಡಿತು ಎಂದು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಹೇಳಿದಾಗ ಅವರು ಕಣ್ಣರಳಿಸಿ ಕೇಳುತ್ತಾರೆ. ನಾನು ಹೇಳಿ ನೋಡಿದ್ದೇನೆ.

ನಮ್ಮ ಕಟ್ಟಡ

ಸೊಸೈಟಿಯ ಕಡೆಯವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಒಂದೇ ಬಗೆಯ ಆಚಾರ ಇರುವವರು ಒಟ್ಟಿಗೆ ಬಾಳಬೇಕು ಎಂದುಕೊಳ್ಳುವುದು ತಪ್ಪಲ್ಲ. ಪಾರ್ಸಿಗಳ ಸಹಕಾರಿ ಸೊಸೈಟಿಯೊಂದು ತನ್ನ ಸದಸ್ಯತ್ವವನ್ನು ಪಾರ್ಸಿಗಳಿಗೇ ಇಟ್ಟುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಒಪ್ಪಿತು. ಸಣ್ಣ ಸಮುದಾಯ ಉಳಿಯಲು ಅದು ಬೇಕಾಗಬಹುದು. ನಮ್ಮ ಕಟ್ಟಡದ ಕಾರ್ಯದರ್ಶಿಗಳಿಗೆ ಎಪ್ಪತ್ತೆರಡು. ಅವರ ಭಯ ನನಗೆ ಅರ್ಥವಾಗುತ್ತದೆ. ರಾತ್ರಿ ಗಲಾಟೆ ಆದರೆ ಪೊಲೀಸರು ಕರೆಯುವುದು ಅವರನ್ನು. ಯಾರಿಗೋ ಏನೋ ಆದರೆ ಪೇಪರಿನವರು ಬಾಗಿಲು ಬಡಿಯುವುದೂ ಅವರದೇ.

ಆದರೆ ನಮ್ಮದು ಪಾರ್ಸಿ ಕಾಲೊನಿ ಅಲ್ಲ. ಗುಜರಾತಿಗಳು, ಮರಾಠಿಗಳು, ತಮಿಳರು, ನಾವು, ಎಲ್ಲ ಇದ್ದೇವೆ. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪನಿಯಮಗಳ ಪ್ರಕಾರ ಮನೆ ಬಾಡಿಗೆಗೆ ಕೊಡುವಾಗ ಸೊಸೈಟಿಗೆ ತಿಳಿಸಿ ಕರಾರಿನ ಪ್ರತಿ ಕೊಟ್ಟರೆ ಸಾಕು, ಒಪ್ಪಿಗೆ ಕಾಯಬೇಕಿಲ್ಲ. ಪೊಲೀಸ್ ವೆರಿಫಿಕೇಶನ್ ಇದೆ. ಇದೆಲ್ಲ ಇದ್ದೂ ಗೇಟಿನಲ್ಲಿ ತಡೆಯುವುದು ಬರೀ ರೂಢಿ. ಈ ರೂಢಿಯನ್ನು ಬದಲಿಸಲು ದಿಲ್ಲಿ ಬೇಡ, ರಾಜ್ಯ ಸರ್ಕಾರ ಕೂರುವ ಮಂತ್ರಾಲಯವೂ ಬೇಡ. ಮುಂಬೈಯ ಸೊಸೈಟಿ ಕಮಿಟಿಗಳಲ್ಲಿ ಕೂತವರಲ್ಲಿ ಬಲಪಂಥದ ಪಕ್ಷಗಳಿಗೆ ಹತ್ತಿರದವರು ಎಷ್ಟೋ ಜನ. ನಮ್ಮ ಪಕ್ಷಗಳು ಅವರನ್ನೇ ಕೂರಿಸಿ ಹೇಳಬಹುದಲ್ಲ? ಒಂಟಿ ಹುಡುಗಿಗೆ ಮನೆ ಕೊಡಿ, ಕೆಲಸದ ಹುಡುಗರಿಗೆ ಮನೆ ಕೊಡಿ, ಹಬ್ಬದ ದಿನ ಅವರನ್ನು ಊಟಕ್ಕೆ ಕರೆಯಿರಿ, ಕಮಿಟಿಯಲ್ಲಿ ಇಬ್ಬರು ಚಿಕ್ಕ ವಯಸ್ಸಿನವರನ್ನು ಸೇರಿಸಿಕೊಳ್ಳಿ ಎಂದು. ನಗರಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ಮೂರು ವರ್ಷಕ್ಕೂ ಜಾಸ್ತಿ ಚುನಾವಣೆಯೇ ನಡೆಯಲಿಲ್ಲ. ಆ ಹೊತ್ತಿನಲ್ಲಿ ಹದಿನೆಂಟು ತುಂಬಿದವರಿಗೆ ಊರಿನ ಕೆಲಸ ಕಲಿಯಲು ಒಂದು ಕಾರ್ಪೊರೇಟರ್ ಕೂಡ ಇರಲಿಲ್ಲ. ಅವರಿಗೆ ಉಳಿದದ್ದು ಕಟ್ಟಡದ ಕಮಿಟಿಯೊಂದೇ.

ಕಾನೂನಿನ ಪ್ರಕಾರ ಸೊಸೈಟಿಯ ವಾರ್ಷಿಕ ಸಭೆ ಸೆಪ್ಟೆಂಬರ್ 30ರ ಒಳಗೆ ನಡೆಯಬೇಕು. ಈ ಸಲ ನಾನು ಒಂದು ಠರಾವು ಬರೆದು ಕೊಟ್ಟಿದ್ದೇನೆ: ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಯಾವ ಬಾಡಿಗೆದಾರರನ್ನೂ ಈ ಕಟ್ಟಡ ತಡೆಯಬಾರದು. ಅನುಮೋದಿಸಲು ನಾಲ್ಕನೇ ಮಹಡಿಯ ತಮಿಳು ಮಾಮಿ ಒಪ್ಪಿದ್ದಾರೆ. ಅವರ ಮಗಳು ಬೆಂಗಳೂರಿನಲ್ಲಿ ಇದೇ ಕಷ್ಟ ಪಟ್ಟವಳು. ಕಾರ್ಯದರ್ಶಿಗಳು ವಿರೋಧಿಸುತ್ತೇನೆ ಎಂದು ನೇರವಾಗಿಯೇ ಹೇಳಿದ್ದಾರೆ. ಮೂರನೇ ಮಹಡಿಯ ಇಬ್ಬರು ಗುಜರಾತಿ ಗೆಳೆಯರು ಇನ್ನೂ ಮನಸ್ಸು ಮಾಡಿಲ್ಲ. ಮುಂದಿನ ಭಾನುವಾರ ಅವರ ಮನೆಗೆ ಚಹಾಕ್ಕೆ ಹೋಗುತ್ತಿದ್ದೇನೆ.